ಸೋಪು ಬದಲಿಸಿದ ಪ್ರಕರಣ

ರಾಜ್ಯಗಳ ಗಡಿ ಬದಲಾದದ್ದನ್ನೂ ರಾಜಧಾನಿಗಳು ಬದಲಾದದ್ದನ್ನೂ ಚರಿತ್ರಕಾರರು ಬರೆದಿಟ್ಟಿದ್ದಾರೆ. ಆದರೆ ಒಂದು ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಮೂರನೇ ಮಹಡಿಯ ಮನೆಯೊಂದರಲ್ಲಿ ಬಟ್ಟೆ ಒಗೆಯುವ ಸೋಪು ಬದಲಾದದ್ದನ್ನು ಯಾರೂ ದಾಖಲಿಸಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

ಬದಲಿಸಿದವಳು ಕಸೂತಿಯವಳು. ಮದುಮಗಳ ಉಡುಪಿನ ಮೇಲೆ ರೇಷ್ಮೆ ದಾರದಲ್ಲಿ ಹೂಬಳ್ಳಿ ಹಾಕುವುದು ಅವಳ ಕಸುಬು. ಹನ್ನೆರಡು ವರ್ಷ ಒಂದೇ ನೀಲಿ ಸೋಪಿನಲ್ಲಿ ಒಗೆದು ಒಗೆದು ಬೆರಳ ತುದಿಗಳು ಬಿರಿದಿದ್ದವು. ಬಿರುಕಿಗೆ ಎಳೆ ಸಿಕ್ಕಿಕೊಂಡು ರೇಷ್ಮೆ ಜುಂಗೇಳುತ್ತಿತ್ತು. ಎರಡು ಉಡುಪು ವಾಪಸು ಬಂದಾಗ, ಕೆಲಸ ಕೊಡುವ ಉಡುಪಿನ ಅಂಗಡಿಯಾಕೆ, "ಇನ್ನೊಂದು ಹಿಂಗೇ ಆದ್ರೆ ರೇಷ್ಮೆ ನಿಮ್ಮ ಕೈಗೆ ಕೊಡಕ್ಕಾಗಲ್ಲ, ಬೇಜಾರು ಮಾಡ್ಕೋಬೇಡಿ" ಎಂದಿದ್ದಳು.

ಬೇರೆ ಯಾರಾಗಿದ್ದರೂ ಸೋಪು ಬದಲಿಸಿ ಸುಮ್ಮನಾಗುತ್ತಿದ್ದರು. ಆದರೆ ಇವಳ ಗಂಡನಿಗೆ ಆ ನೀಲಿ ಸೋಪಿನ ಕಂಪನಿಯಲ್ಲೇ ಕೆಲಸ. ಮಾರುವುದಲ್ಲ, ಕೊಂಡವರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು. ಮನೆಮನೆಗೆ ಹೋಗಿ ಮಕ್ಕಳ ಪರೀಕ್ಷೆ, ಅಜ್ಜಿಯ ಮಂಡಿನೋವು ವಿಚಾರಿಸಿ, ಹೊರಡುವಾಗ ಒಣಹಾಕಿದ ಬಟ್ಟೆಯ ಪಕ್ಕ ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದ. ಯಾವ ಸೋಪೆಂದು ತಿಳಿಯಲು ಅಷ್ಟು ಸಾಕು. ಕಂಪನಿಯಲ್ಲಿ ಅವನ ಅಡ್ಡಹೆಸರು ಮೂಗು. ಯಾರಾದರೂ ಸೋಪಿನ ಮೇಲೆ ಅನುಮಾನಪಟ್ಟರೆ ಅವನದು ಒಂದೇ ಮಾತು: "ನಮ್ಮ ಮನೆಯವಳನ್ನೇ ಕೇಳಿ ನೋಡಿ."

ಕೇಳುತ್ತಿದ್ದರು ಕೂಡ. ಕೆಳಗಿನ ಮನೆಯಾಕೆ ಮೆಟ್ಟಿಲ ಮೇಲೆ ಅಡ್ಡಗಟ್ಟಿ, "ಅಕ್ಕಾ, ನಿಜ ಹೇಳಿ, ಊರಿಗೊಂದು ಸೋಪು ನಿಮಗೊಂದು ಸೋಪು ಅಲ್ಲ ತಾನೆ?" ಎಂದು ಬಕೆಟ್ಟಿನೊಳಗೆ ಇಣುಕುತ್ತಿದ್ದಳು.

ಹಾಗಾಗಿ ಕಸೂತಿಯವಳು ಬಿಳಿ ಸೋಪೊಂದನ್ನು ಕದ್ದ ಮಾಲಿನಂತೆ ತಂದು, ಹೊದಿಕೆ ಚೂರುಚೂರು ಮಾಡಿ, ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಳು. ವಾರದಲ್ಲಿ ಬಿರುಕುಗಳು ಮಾಯತೊಡಗಿದವು. ಮರುದಿನ, ವಾರದ ತಿರುಗಾಟ ಮುಗಿಸಿ ಬಂದ ಗಂಡ, ಅವಳು ಒಗೆದಿಟ್ಟ ಅಂಗಿ ತೊಡುತ್ತ ಎರಡನೇ ಗುಂಡಿಗೆ ನಿಂತ.

"ಏನೇ ಇದು?"

"ಅಂಗಿ."

"ಅದು ನಂಗೂ ಕಾಣ್ತಿದೆ. ವಾಸನೆ ಯಾರದು?"

ಒಳಗಿನಿಂದ ಅತ್ತೆ, "ಗಂಡನ ಅಂಗಿ ಮೂಸಿ ಹೆಂಡ್ತಿ ಜಗಳ ತೆಗೆಯೋದು ಕೇಳಿದ್ದೆ. ಈ ಮನೇಲಿ ಎಲ್ಲಾ ತಲೆಕೆಳಗು" ಎಂದರು.

ಅವಳು ಎರಡೂ ಕೈ ಚಾಚಿದಳು. ಅವನು ಒಂದೊಂದೇ ಬೆರಳು ಹಿಡಿದು ನೋಡಿದ; ಮುಖ ನಿಜವಾಗಿಯೂ ಸಪ್ಪಗಾಯಿತು. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ಯಾವಾಗಿಂದ ಹಿಂಗಿದೆ? ನಮ್ಮ ಕಡೆಯಿಂದ ಏನಾದ್ರೂ ತಪ್ಪಾಯ್ತಾ?"

"ರೀ, ನಾನು ನಿಮ್ಮ ಗಿರಾಕಿ ಅಲ್ಲ, ಹೆಂಡ್ತಿ."

"ಗಿರಾಕಿ ಆಗಿದ್ರೇ ವಾಸಿಯಿತ್ತು. ಹೋದ್ರೆ ಒಂದು ಮನೆ ಹೋಯ್ತು ಅನ್ಕೋತಿದ್ದೆ. ನೀನೇ ಬಿಟ್ರೆ ಯಾವ ಮುಖ ಇಟ್ಕೊಂಡು ಇನ್ನೊಬ್ಬರ ಬಾಗಿಲು ತಟ್ಟಲಿ?"

"ಕೈಗವಸು ಹಾಕ್ಕೊಂಡು ಒಗೀಲಾ?"

"ಕೆಳಗಿನವರು ನೋಡಿದ್ರೆ ಮುಗೀತು ಕಥೆ."

"ಹಂಗಾದ್ರೆ ನೀವೇ ಒಗೀರಿ."

ಅವನು ಪ್ರಾಮಾಣಿಕವಾಗಿಯೇ ಯೋಚಿಸಿದ. "ಒಗೀತೀನಿ. ಯಾಕೆ ನೀವು ಒಗೀತಿದ್ದೀರಿ ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ, ಅದೊಂದು ಹೇಳ್ಕೊಡು."

ಅವಳು ಮತ್ತೆ ನೀಲಿ ಸೋಪನ್ನೇ ಕೈಗೆತ್ತಿಕೊಂಡಳು.

ಸೋಪನ್ನು ಸ್ವಲ್ಪ ಮೃದು ಮಾಡಿಯಾರೆಂಬ ಆಸೆಯಿಂದ ಅವನು ಮೇಲಧಿಕಾರಿಗೆ ಎಲ್ಲ ತಿಳಿಸಿದ. ಬಿಳಿ ಸೋಪಿನ ವಾರವೊಂದನ್ನು ಮಾತ್ರ ನುಂಗಿಕೊಂಡ. ಮೇಲಧಿಕಾರಿಯ ಕಣ್ಣು ತೇವವಾಯಿತು. ಕೈ ಬಿರಿದರೂ ಹನ್ನೆರಡು ವರ್ಷ ಕದಲದ ಹೆಂಗಸು! ಮೂರೇ ದಿನದಲ್ಲಿ ಹೂಗುಚ್ಛ, ಕ್ಯಾಮೆರಾ ಸಮೇತ ಮನೆಗೇ ಬಂದ.

"ನಿಮ್ಮಂಥೋರು ನೂರು ಜನ ಇದ್ರೆ ನಮಗೆ ಜಾಹೀರಾತೇ ಬೇಡ, ತಾಯಿ. ಸ್ವಲ್ಪ ನಗಿ. ಕೈ ನೊರೆಯೊಳಗೇ ಇರಲಿ, ಬೆರಳು ಕಾಣೋದು ಬೇಡ."

ನಕ್ಕಳು. ನೊರೆ ಚುರುಚುರು ಎನ್ನುತ್ತಿತ್ತು.

ವಾರದೊಳಗೆ ಆ ನಗು ಬೀದಿಯ ಅಂಗಡಿಗಳಲ್ಲೆಲ್ಲ ತೂಗಾಡಿತು: "ಹನ್ನೆರಡು ವರ್ಷ, ಒಂದೇ ಸೋಪು." ಕಸೂತಿಯವಳು ಎರಡು ಬೀದಿ ದಾಟಿ, ಗುರುತಿಲ್ಲದ ಅಂಗಡಿಯಲ್ಲಿ ತಗ್ಗಿದ ದನಿಯಲ್ಲಿ ಬಿಳಿ ಸೋಪು ಕೇಳಿದಳು. ಅಂಗಡಿಯವನು ಅವಳನ್ನೂ ತಲೆಯ ಮೇಲೆ ಅಲ್ಲೂ ತೂಗುತ್ತಿದ್ದ ಅವಳ ಚಿತ್ರವನ್ನೂ ನೋಡಿ ನಕ್ಕ.

"ನನ್ನನ್ನ ಪರೀಕ್ಷೆ ಮಾಡಕ್ಕೆ ಬಂದ್ರಾ ಅಕ್ಕಾ? ನಾನು ಬೀಳೋನಲ್ಲ" ಎಂದು ನೀಲಿ ಸೋಪನ್ನೇ ಕಟ್ಟಿಕೊಟ್ಟ.

ಅವಳು ತೆಗೆದುಕೊಂಡು ಬಂದಳು. ತಿಂಗಳ ಕೊನೆಗೆ ರೇಷ್ಮೆ ಕೆಲಸ ನಿಂತಿತು. ಈಗ ಅವಳು ಪರದೆಗಳ ಅಂಚು ಹೊಲಿಯುತ್ತಾಳೆ.