ಇಪ್ಪತ್ಮೂರನೆಯ ಪುಟ

ಮಾತು ನನಗೆ ಯಾವತ್ತೂ ತಡವಾಗಿ ಬರುತ್ತದೆ. ಕಾಲೇಜಿನಲ್ಲಿ ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಗಂಟಲಲ್ಲಿ ನಿಲ್ಲುತ್ತಿತ್ತು, ಮನೆಗೆ ಬಂದ ಮೇಲೆ ಡೈರಿಯಲ್ಲಿ ಇಳಿಯುತ್ತಿತ್ತು. ಬಿ.ಇ. ಮುಗಿದು ಎರಡು ವರ್ಷಕ್ಕೆ ಸತ್ಯಾತ್ಮ ಅವರ ಆಫೀಸಿನಲ್ಲಿ ಕೆಲಸ ಸಿಕ್ಕಾಗ ಅಮ್ಮ, "ಬಾಯಿ ಬ್ಯಾಡದ ಕೆಲಸ. ಸುಪ್ರಜಾಗ ಹೇಳಿ ಮಾಡಿಸಿದಂಗ ಅದ" ಎಂದಿದ್ದಳು.

ಆಫೀಸು ಎಂದರೆ ಬಳ್ಳಾರಿಯ ಪಾರ್ವತಿನಗರದ ಔಷಧಿ ಅಂಗಡಿಯ ಮಾಳಿಗೆಯಲ್ಲಿ ನಾಲ್ಕು ಕುರ್ಚಿ, ಮೂರು ಕಂಪ್ಯೂಟರು. ಕ್ರಿಪ್ಟೋ ಟೋಕನ್ ಹೊರಡಿಸುವವರು ತಮ್ಮ ಸ್ಮಾರ್ಟ್ ಕಾಂಟ್ರ್ಯಾಕ್ಟನ್ನು ನಮ್ಮಲ್ಲಿಗೆ ಕಳಿಸುತ್ತಾರೆ. ಅದೊಂದು ಪ್ರೋಗ್ರಾಮು. ಟೋಕನ್ ಯಾರು ಕೊಳ್ಳಬಹುದು, ಹೇಗೆ ಮಾರಬಹುದು, ಎಷ್ಟು ಶುಲ್ಕ, ಎಲ್ಲ ಅದರಲ್ಲೇ ಬರೆದಿರುತ್ತದೆ. ಒಮ್ಮೆ ಬ್ಲಾಕ್‌ಚೈನಿಗೆ, ಅಂದರೆ ಎಲ್ಲರೂ ನೋಡಬಹುದಾದ ಆನ್‌ಲೈನ್ ಲೆಕ್ಕದ ಪುಸ್ತಕಕ್ಕೆ, ಏರಿಸಿದ ಮೇಲೆ ಅದರ ಅಕ್ಷರ ತಿದ್ದಲಾಗದು, ಬರೆದದ್ದೇ ನಡೆಯುತ್ತದೆ. ಏರಿಸುವ ಮೊದಲು ಸಾಲು ಸಾಲು ಓದಿ, ಎಲ್ಲಿ ಕಳ್ಳಗಿಂಡಿ ಇದೆ ಎಂದು ಇಂಗ್ಲಿಷಿನಲ್ಲಿ ವರದಿ ಬರೆಯುವುದು ನನ್ನ ಕೆಲಸ. ವರದಿಯಲ್ಲಿ ದೋಷಗಳಿಗೆ ನಾಲ್ಕು ದರ್ಜೆ: ತೀವ್ರ, ದೊಡ್ಡದು, ಸಣ್ಣದು, ಮಾಹಿತಿಗಾಗಿ. ಕೊನೆಯದನ್ನು ಯಾರೂ ಓದುವುದಿಲ್ಲ.

ನವೆಂಬರಿನಲ್ಲಿ ಸಿರುಗುಪ್ಪದ ಪ್ರಭುಲಿಂಗ ಬಂದ. ಅಕ್ಕಿ ಗಿರಣಿಯ ಮನೆತನ. ಅವನ ಟೋಕನ್ನಿನ ಹೆಸರು 'ಅಕ್ಕಿಕಾಳು'. ಕೊಂಡವರಿಗೆ ಗಿರಣಿಯ ಲಾಭದಲ್ಲಿ ಪಾಲು, ಬೇಕಾದಾಗ ಮಾರಿಕೊಳ್ಳಬಹುದು, ಮಾರುವಾಗ ನೂರಕ್ಕೆ ಎರಡು ಮಾತ್ರ ಶುಲ್ಕ ಎಂದು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದ್ದ.

ಓದಲು ಕೂತ ಮೂರನೆಯ ದಿನ ನನಗೆ ಕಳ್ಳಗಿಂಡಿ ಸಿಕ್ಕಿತು. ಶುಲ್ಕ ಎರಡೇ ಇತ್ತು, ಆದರೆ ಅದನ್ನು ಬದಲಿಸುವ ಅಧಿಕಾರ ಮಾಲೀಕನೊಬ್ಬನದು, ಮತ್ತು ಅದಕ್ಕೆ ಮೇಲ್ಮಿತಿಯೇ ಇರಲಿಲ್ಲ. ನಾಳೆ ಅವನು ತೊಂಬತ್ತೊಂಬತ್ತು ಎಂದು ಒತ್ತಿದರೆ, ನೂರು ರೂಪಾಯಿಯ ಟೋಕನ್ ಮಾರಿದವರ ಕೈಗೆ ಒಂದು ರೂಪಾಯಿ. ಉಳಿದದ್ದೆಲ್ಲ ಅವನ ಜೇಬಿಗೆ. 'ತೀವ್ರ' ಎಂದು ಬರೆದೆ. ಹತ್ತಕ್ಕಿಂತ ಹೆಚ್ಚಾಗಬಾರದು ಎಂಬ ಒಂದು ಸಾಲು ಸೇರಿಸಿದರೆ ಸಾಕು ಎಂದೂ ಬರೆದೆ. ಸಂಜೆ ಡೈರಿಯಲ್ಲಿ ಕನ್ನಡದಲ್ಲಿ ಬರೆದೆ: "ಒಳಗೆ ಬರಲು ಎಲ್ಲರಿಗೂ ಬಾಗಿಲು ಇದೆ. ಹೊರಗೆ ಹೋಗುವ ಬಾಗಿಲಿನ ಕೀಲಿ ಪ್ರಭುಲಿಂಗನ ಕೈಯಲ್ಲಿದೆ. ಇದನ್ನು ಯಾರೂ ಕೊಳ್ಳಬಾರದು."

ವರದಿಯ ಕರಡು ಓದಿ ಪ್ರಭುಲಿಂಗ ಆಫೀಸಿಗೇ ಬಂದ. ಸಿಟ್ಟೇನೂ ಇರಲಿಲ್ಲ, ಒಂದು ಚೀಲ ಸೋನಾ ಮಸೂರಿ ತಂದಿದ್ದ.

"ಮ್ಯಾಡಮ್ಮಾರ, ಹಸಿ ಭತ್ತ ಬಂದ್ರ ಗಿರಣ್ಯಾಗ ತೂಕದಾಗ ಇಷ್ಟು ಅಂತ ಮುರದು ಕಡತ ಹಾಕಂಗಿಲ್ಲೇನ್ರಿ? ಇದೂ ಹಂಗ. ಎಷ್ಟು ಹಸಿ ಇರತೈತಿ ಅಂತ ಮೊದಲ ಹೆಂಗ ಹೇಳಾಕ ಬರತೈತಿ?"

"ಒಂದು ಸಾಲು... ಮಿತಿ ಹಾಕಿದ್ರ..." ಎಂದೆ.

"ಏನಂದ್ರಿ? ಸತ್ಯಾತ್ಮಾಚಾರ್ರ, ನಿಮ್ಮ ಹುಡುಗಿಗೆ ಮೊದಲು ಒಂದು ಮೈಕ್ ಕೊಡಿಸ್ರಿ."

ಇಬ್ಬರೂ ನಕ್ಕರು. ಗಿರಣಿಯಲ್ಲಿ ರೈತನ ಕಣ್ಣೆದುರೇ ತೇವ ಅಳೆಯುವ ಯಂತ್ರ ಇರುತ್ತದೆ, ಕಡತ ಒಪ್ಪದಿದ್ದರೆ ಅವನು ಚೀಲ ವಾಪಸು ಗಾಡಿಗೆ ಹಾಕಿಕೊಳ್ಳಬಹುದು, ಇಲ್ಲಿ ಆ ಗಾಡಿಯೇ ಇಲ್ಲ. ಈ ಉತ್ತರ ನನಗೆ ಹೊಳೆದದ್ದು ಅವನು ಮೆಟ್ಟಿಲಿಳಿದು ಹೋದ ಮೇಲೆ.

ಮರುದಿನ ನೋಡಿದರೆ ನನ್ನ ದೋಷ ಆರನೆಯ ಪುಟದಿಂದ ಇಪ್ಪತ್ಮೂರಕ್ಕೆ ಹೋಗಿತ್ತು. ದರ್ಜೆ: ಮಾಹಿತಿಗಾಗಿ. ಕೆಳಗೆ ಒಂದು ಸಾಲು: 'ಗ್ರಾಹಕರ ಗಮನಕ್ಕೆ ತರಲಾಗಿದೆ, ಗ್ರಾಹಕರು ಒಪ್ಪಿಕೊಂಡಿದ್ದಾರೆ.' ಗ್ರಾಹಕರೆಂದರೆ ಪ್ರಭುಲಿಂಗ. ನಮ್ಮ ಕಸುಬಿನಲ್ಲಿ ಇದು ಪದ್ಧತಿ. ತಿದ್ದಬೇಕಾಗಿಲ್ಲ, ಒಪ್ಪಿಕೊಂಡರೆ ಮುಗಿಯಿತು.

"ಸರ್, ಇದು..."

"ಸುಳ್ಳು ಬರದೀವೇನು? ಇಲ್ಲ. ನೀ ಬರದದ್ದರಾಗ ಒಂದಕ್ಷರ ತಗದಿಲ್ಲ ನಾ" ಎಂದರು ಸತ್ಯಾತ್ಮ, ಕನ್ನಡಕ ಒರೆಸುತ್ತ. "ಎಲ್ಲಿ ಬರದೀವಿ ಅನ್ನೋದು ಆಫೀಸಿನ ವಿಚಾರ. ಮತ್ತ ತಪಾಸಣೆ ಮಾಡಿದವರು ಅಂತ ಮುಖಪುಟದಾಗ ನಿನ್ನ ಹೆಸರನ ಹಾಕೀನಿ. ಖುಷಿ ಪಡು."

ಹೆಸರು ತೆಗೆಯಿರಿ ಎನ್ನಬೇಕಿತ್ತು. ಅದನ್ನೂ ಡೈರಿಗೆ ಹೇಳಿದೆ.

ಡಿಸೆಂಬರಿನಲ್ಲಿ ಸಿರುಗುಪ್ಪದ ಗಿರಣಿ ಅಂಗಳದಲ್ಲಿ ಟೋಕನ್ ಬಿಡುಗಡೆ. ಹೊಸ ಭತ್ತದ ಧೂಳು ಮೂಗಿಗೆ ಅಡರುತ್ತಿತ್ತು. ಶಾಮಿಯಾನದಡಿ ಮೇಜಿನ ಮೇಲೆ ನಮ್ಮ ವರದಿಯ ಮುಖಪುಟವನ್ನು ಗಾಜಿನ ಕಟ್ಟು ಹಾಕಿಸಿ ಇಟ್ಟಿದ್ದರು. ಗಾಜಿಗೆ ಅರಿಶಿನ, ಕುಂಕುಮ, ಸುತ್ತ ಮಲ್ಲಿಗೆ ಮಾಲೆ. ಹೊಸ ಲಾರಿಗೂ ಹೊಸ ತೂಕದ ಯಂತ್ರಕ್ಕೂ ಪೂಜೆ ಮಾಡುವ ಜನ, ಇದಕ್ಕೂ ಮಾಡಿದರು. ಪುರೋಹಿತರು ಕಾಯಿ ಒಡೆದಾಗ ನೀರು ನನ್ನ ಹೆಸರಿನ ಮೇಲೆ ಸಿಡಿಯಿತು. ಒಳಗಿನ ಪುಟಗಳು ಅಲ್ಲಿರಲಿಲ್ಲ, ಟೋಕನ್ನಿನ ವೆಬ್‌ಸೈಟಿನಲ್ಲಿದ್ದವು. ಮುಖಪುಟಕ್ಕೆ ಮಾತ್ರ ಕಟ್ಟು.

"ಲೇ ಸುಪ್ರಜಾ!"

ತಿರುಗಿದರೆ ಅಂಜನಾ. ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವಳು, ನನ್ನ ಪರವಾಗಿ ಮಾತಾಡುತ್ತಿದ್ದವಳು. ಈಗ ಕುರುಗೋಡಿನ ಮನೆಯಲ್ಲಿ ನಾಲ್ಕು ಮಷೀನು ಇಟ್ಟುಕೊಂಡು ಬಳ್ಳಾರಿಯ ಜೀನ್ಸ್ ಅಂಗಡಿಗಳಿಗೆ ಪ್ಯಾಂಟು ಹೊಲಿದು ಕೊಡುತ್ತಾಳೆ. ಜೊತೆಗೆ ಹೊಲಿಯುವ ಐದು ಹೆಂಗಸರನ್ನೂ ಕರೆತಂದಿದ್ದಳು.

"ನೋಡ್ರಿ, ಇಕಿನ ನಮ್ಮ ಗೆಳತಿ. ಮಾಲಿ ಹಾಕಿಸಿಕೊಂಡು ಕುಂತಾಳ" ಎಂದು ಕಟ್ಟಿನೊಳಗಿನ ನನ್ನ ಹೆಸರು ತೋರಿಸಿ ನಕ್ಕಳು. ಆಮೇಲೆ ನನ್ನನ್ನು ಬದಿಗೆ ಎಳೆದುಕೊಂಡು ದನಿ ತಗ್ಗಿಸಿದಳು. "ಆರು ಕರೆಂಟ್ ಮಷೀನು ತಗೊಳ್ಳಾಕ ರೊಕ್ಕ ಕೂಡಿಟ್ಟಿದ್ದೈತಿ. ಮೂರು ತಿಂಗಳು ಇದರಾಗ ಇಟ್ರ ಎಂಟು ಮಷೀನು ಬರತಾವಂತ. ನೀನ ಚೆಕ್ ಮಾಡೀಯಂತಲ್ಲ. ಒಂದ ಮಾತು ಹೇಳು. ಹಾಕ್ಲೋ, ಬ್ಯಾಡೋ?"

ಎರಡು ಮಾರು ದೂರದಲ್ಲಿ ಸತ್ಯಾತ್ಮ ಕೋಸಂಬರಿ ತಿನ್ನುತ್ತ ನಿಂತಿದ್ದರು. ಗ್ರಾಹಕರ ವಿಷಯ ಹೊರಗೆ ಮಾತಾಡುವುದಿಲ್ಲ ಎಂದು ನಾನು ಸಹಿ ಹಾಕಿದ ಕಾಗದ ಅವರ ಬೀರುವಿನಲ್ಲಿತ್ತು. 'ಬ್ಯಾಡ' ಎಂಬುದು ಎರಡೇ ಅಕ್ಷರ.

"ಇಪ್ಪತ್ಮೂರನೇ ಪುಟ ಓದು" ಎಂದೆ.

"ಅಯ್ಯ, ಅದೆಲ್ಲ ಇಂಗ್ಲಿಷು, ಅದೂ ಕೋರ್ಟಿನ ಇಂಗ್ಲಿಷು. ನೀ ಓದೀಯಲ್ಲ, ಸಾಕು."

ಅಷ್ಟರಲ್ಲಿ ಪ್ರಭುಲಿಂಗ ನನ್ನನ್ನು ವೇದಿಕೆಗೆ ಕರೆದ. "ನಮ್ಮ ಮ್ಯಾಡಮ್ಮಾರು ಎರಡು ಮಾತಾಡ್ತಾರ. ಸಣ್ಣ ದನಿ ಐತಿ, ಎಲ್ಲಾರೂ ಸುಮ್ಮಕಿರ್ರಿ!" ಮೈಕು ಕೈಗೆ ಬಂತು. ಎದುರಿಗೆ ಮುನ್ನೂರು ಮುಖ. ಮೊಬೈಲುಗಳು ಮೇಲೆದ್ದವು. ಕೊಳ್ಳಬೇಡಿ ಎನ್ನಲು ಬಾಯಿ ತೆರೆದೆ. ಬಂದದ್ದು ಇಷ್ಟು: "ಎಲ್ಲರೂ... ದಯವಿಟ್ಟು ವರದಿ ಪೂರ್ತಿ ಓದಿ. ಇಪ್ಪತ್ಮೂರನೇ ಪುಟ ಓದಿ."

ಜೋರಾಗಿ ಚಪ್ಪಾಳೆ ಬಿತ್ತು. ಪ್ರಭುಲಿಂಗ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಮನೆಗೆ ಬಂದು ಡೈರಿಯಲ್ಲಿ 'ಇವತ್ತು ಹೇಳಿದೆ' ಎಂದು ಬರೆದುಕೊಂಡೆ. ನಾಚಿಕೆಯಿಲ್ಲದೆ.

ಮಾರ್ಚ್ ಹನ್ನೊಂದರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಪ್ರಭುಲಿಂಗ ಒತ್ತಿದ. ಚೈನಿನಲ್ಲಿ ಎಲ್ಲವೂ ಎಲ್ಲರಿಗೂ ಕಾಣುತ್ತದೆ. ನಾನು ದಿನಾ ನೋಡುತ್ತಿದ್ದೆ, ಹುಣ್ಣನ್ನು ಮುಟ್ಟಿ ಮುಟ್ಟಿ ನೋಡಿದ ಹಾಗೆ. ಎರಡು ಇದ್ದದ್ದು ತೊಂಬತ್ತೊಂಬತ್ತಾಯಿತು. ಆಮೇಲಿನ ಹದಿನೈದು ನಿಮಿಷ ಮಾರಾಟಗಳು ಒಂದರ ಹಿಂದೊಂದು ಬಂದವು. ಏನಾಗುತ್ತಿದೆ ಎಂದು ತಿಳಿಯದೆ ಜನ ಮತ್ತೆ ಮತ್ತೆ ಒತ್ತುತ್ತಿದ್ದರು.

ಪೊಲೀಸಿಗೆ ಹೋದವರಿಗೆ ಪ್ರಭುಲಿಂಗ ತೋರಿಸಿದ್ದು ಒಂದು ವಿಡಿಯೊ. ಅದರಲ್ಲಿ ನಾನಿದ್ದೆ. "ಮೊದಲ ಹೇಳೀವ್ರಿ. ಮುನ್ನೂರು ಮಂದಿ ಮುಂದ, ಮೈಕಿನ್ಯಾಗ. ಓದಲಿಲ್ಲಂದ್ರ ನಾ ಏನು ಮಾಡಲಿ? ಇರಲಿ ಬಿಡ್ರಿ, ಮುಂದಿನ ಸಲ ಓದ್ತಾರ" ಎಂದನಂತೆ. ವಕೀಲರು ಇಪ್ಪತ್ಮೂರನೆಯ ಪುಟಕ್ಕೆ ಹಳದಿ ಗೆರೆ ಎಳೆದು ಫೈಲಿಗೆ ಸೇರಿಸಿದರು. ನಾನು ಬರೆದ ಒಂದೇ ನಿಜ ಅವನಿಗೆ ಜಾಮೀನಾಯಿತು.

ಅದೇ ವಾರ ಸತ್ಯಾತ್ಮ ಹೇಳಿದರು, "ಪ್ರಭುಲಿಂಗ ಇನ್ನೊಂದು ಟೋಕನ್ ತರ್ತಾನಂತ. ಆ ಹುಡುಗಿನ ಬೇಕು, ಭಾಳ ನೀಟಾಗಿ ಬರೀತಾಳ ಅಂದ."

ಚೀಲ ಎತ್ತಿಕೊಂಡು ಕೆಳಗಿಳಿದೆ. ಕುರುಗೋಡಿನ ಬಸ್ಸು ಹತ್ತಿದೆ.

ಅಂಜನಾಳ ಮನೆಯಲ್ಲಿ ನಾಲ್ಕರಲ್ಲಿ ಮೂರು ಮಷೀನಿಗೆ ಬಟ್ಟೆ ಮುಚ್ಚಿತ್ತು. ಆ ಐದು ಹೆಂಗಸರೂ ಅವಳ ಮಾತು ಕೇಳಿಯೇ ಹಾಕಿದ್ದರು. ಈಗ ಯಾರೂ ಬರುವುದಿಲ್ಲ. ಅವಳ ತಾಯಿ ಗಾದೆಮ್ಮ ನನ್ನನ್ನು ನೋಡಿ, ಚಾ ಎನ್ನದೆ, ಎದ್ದು ಒಳಗೆ ಹೋದಳು.

ಅಂಜನಾ ಮಷೀನು ನಿಲ್ಲಿಸಲಿಲ್ಲ.

"ನಿನಗ ಗೊತ್ತಿತ್ತು."

"ಬರದಿದ್ದೆ."

"ಬರದಿ ಏನು ಅಂತ ಕೇಳಿದ್ನೇನ ನಾ? ಹಾಕ್ಲೋ ಬ್ಯಾಡೋ ಅಂತ ಕೇಳಿದ್ದೆ."

ಸೂಜಿ ಪ್ಯಾಂಟಿನ ಒಂದು ಕಾಲಿನ ಉದ್ದಕ್ಕೂ ಓಡಿ ನಿಂತಿತು. ದಾರ ಕಚ್ಚಿ ಕತ್ತರಿಸಿ, ಪ್ಯಾಂಟಿನ ಅಳತೆಗೆ ಕತ್ತರಿಸಿದ ರಟ್ಟೊಂದನ್ನೂ ಗುರುತು ಹಾಕುವ ಬಿಳಿ ಸೀಮೆಸುಣ್ಣವನ್ನೂ ನನ್ನ ಮುಂದೆ ಎಸೆದಳು.

"ಆ ಪುಟದಾಗ ಏನಿತ್ತು, ಕನ್ನಡದಾಗ ಬರಿ. ನಾನೂ ಓದ್ತೀನಿ."

ಬರೆದೆ. ಮೂರು ವಾಕ್ಯ. ಕೈ ಎಲ್ಲೂ ತಡೆಯಲಿಲ್ಲ.

ಅವಳು ರಟ್ಟು ತಿರುಗಿಸಿಕೊಂಡು ಗಟ್ಟಿಯಾಗಿ ಓದಿದಳು. ಒಳಗಿನ ಬಾಗಿಲು, ಹೊರಗಿನ ಬಾಗಿಲು, ಯಾರೂ ಕೊಳ್ಳಬಾರದು. ಒಳಗೆ ಪಾತ್ರೆಯ ಸದ್ದು ನಿಂತಿತು.

"ಇಷ್ಟ ಏನು?"

"ಇಷ್ಟೇ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಒಂದ ಸಲಾನೂ ಅಳಿಸಲಿಲ್ಲ ನೀ. ಮೊದಲ ಎಲ್ಲೋ ಬರದಿಟ್ಟಿದ್ದಿ."

"ಹೂಂ."

"ಎಲ್ಲಿ?"

"ಡೈರ್ಯಾಗ."

"ಯಾವಾಗ?"

"ನವೆಂಬರದಾಗ."

ಅಂಜನಾ ರಟ್ಟನ್ನು ಮಷೀನಿನ ಮೇಲಿನ ಮೊಳೆಗೆ ಸಿಕ್ಕಿಸಿ, ಇನ್ನೊಂದು ಕಾಲಿನ ಬಟ್ಟೆ ಎಳೆದುಕೊಂಡಳು.

"ಐದಕ್ಕ ಬಸ್ಸೈತಿ" ಎಂದಳು. "ಹೋಗಿ ಇದನ್ನೂ ಬರಕೋ."