ರಕ್ತ ಬಂದ ಕಡೆ

ಮಗಳ ಹಲ್ಲಿಗೆ ಕ್ಲಿಪ್ಪು ಹಾಕಿಸಿ ಹನ್ನೊಂದು ತಿಂಗಳಾಗಿತ್ತು. ಮುಂದೆ ಚಾಚಿದ್ದ ಹಲ್ಲು ಅರ್ಧಕ್ಕರ್ಧ ಒಳಗೆ ಸರಿದಿತ್ತು. ಅಷ್ಟರಲ್ಲಿ ಡಾಕ್ಟರಮ್ಮ ಅವಳ ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿ, ಒಸಡು ಊದಿದೆ, ಕೊಳೆ ಕೂತಿದೆ ಎಂದರು.

"ಮುಂದಿನ ತಿಂಗಳೂ ಹೀಗೇ ಇದ್ರೆ ತಂತಿ ಬಿಚ್ಚಿಬಿಡ್ತೀನಿ. ಊದಿದ ಒಸಡಿಟ್ಕೊಂಡು ಹಲ್ಲು ಎಳೆಯೋಕಾಗಲ್ಲ, ಬುಡಾನೇ ಸಡಿಲ ಆಗುತ್ತೆ."

ಮಗಳ ಮುಖ ಸಪ್ಪಗಾಯಿತು. ಕ್ಲಾಸಿನಲ್ಲಿ ಅವಳಿಗೆ 'ತುರಿಮಣೆ' ಎಂದು ಅಡ್ಡಹೆಸರು. ಶಾಲೆ ಮುಗಿಯುವುದರೊಳಗೆ ಹಲ್ಲು ಸಾಲಿಗೆ ಬರಬೇಕು ಎನ್ನುವುದೊಂದೇ ಅವಳ ಆಸೆ.

ನಾನು ಕ್ಷೌರದಂಗಡಿಯವನು. ದಿನವಿಡೀ ಊರವರ ಗಲ್ಲ ಹಿಡಿದು ಚೊಕ್ಕ ಮಾಡುವವನ ಮನೆಯಲ್ಲೇ ಹೀಗಾದರೆ ಸಿಟ್ಟು ಬರದೆ ಇರುತ್ತದೆಯೇ? ಮರುದಿನದಿಂದ ಊಟ ತಿಂಡಿ ಆದಾಗಲೆಲ್ಲ ಬಚ್ಚಲ ಬಾಗಿಲಲ್ಲಿ ಕಾವಲು ನಿಂತೆ. ಒಂದೊಂದು ಕ್ಲಿಪ್ಪಿನ ಮೇಲೂ ಕೆಳಗೂ ಉಜ್ಜಬೇಕು, ಆಮೇಲೆ ಕಡ್ಡಿಯಷ್ಟು ಸಣ್ಣ ಬ್ರಷ್ಷನ್ನು ತಂತಿಯಡಿ ತೂರಿಸಿ ಆಡಿಸಬೇಕು. ನಾನು ಗಡಿಯಾರ ನೋಡುತ್ತಿದ್ದೆ.

"ಇನ್ನೂ ಉಜ್ಜು."

"ಉಜ್ಜಿದ್ದೀನಪ್ಪ."

"ಉಜ್ಜಿದ್ರೆ ಯಾಕೆ ಊದುತ್ತೆ? ಸೋಮಾರಿ."

ಅವಳು ಎದುರುತ್ತರ ಕೊಡುವವಳಲ್ಲ. ಬಾಯಿ ಮುಕ್ಕಳಿಸಿ ಹೋಗುತ್ತಿದ್ದಳು. ಅಂಗಡಿಯಲ್ಲೂ ನನ್ನದು ಅದೇ ರಾಗ, ಈಗಿನ ಮಕ್ಕಳಿಗೆ ಹಲ್ಲುಜ್ಜೋಕೂ ಬೆನ್ನು ಹತ್ತಬೇಕು ಅಂತ. ಒಬ್ಬ ಮೇಷ್ಟ್ರು ಮುಖಕ್ಕೆ ನೊರೆ ಮೆತ್ತಿಕೊಂಡೇ, "ನಿನ್ನ ಬಾಯಿಗೂ ಒಂದು ಕ್ಲಿಪ್ಪು ಹಾಕಿಸಪ್ಪ" ಎಂದರು. ಎಲ್ಲರೂ ನಕ್ಕರು, ನಾನು ನಗಲಿಲ್ಲ.

ತಿಂಗಳು ತುಂಬಿತು. ಡಾಕ್ಟರಮ್ಮ ಮಗಳಿಗೆ ಒಂದು ಕೆಂಪು ಮಾತ್ರೆ ಅಗಿಯಲು ಕೊಟ್ಟರು. ಕೊಳೆ ಇದ್ದ ಕಡೆ ಮಾತ್ರ ಅದರ ಬಣ್ಣ ಹಿಡಿಯುತ್ತದಂತೆ. ಹಲ್ಲೆಲ್ಲ ಬೆಳ್ಳಗಿತ್ತು. ಒಸಡಿನ ಅಂಚಿನಲ್ಲಿ ನಾಲ್ಕೈದು ಕಡೆ ಮಾತ್ರ ದಟ್ಟ ಕೆಂಪು ಗೆರೆ.

"ಇಷ್ಟು ಚೆನ್ನಾಗಿ ಉಜ್ಜಿದ್ದೀಯ, ಇಲ್ಲಿ ಮಾತ್ರ ಯಾಕೆ ಬಿಟ್ಟೆ?" ಡಾಕ್ಟರಮ್ಮ ಕೇಳಿದರು.

"ಅಲ್ಲಿ ರಕ್ತ ಬರುತ್ತೆ."

"ಕೊಳೆ ಕೂತಿರೋದಕ್ಕೇ ರಕ್ತ ಬರೋದು. ಅಲ್ಲಿ ಬಿಡಲೇಬಾರದು, ಮೆತ್ತಗೆ ಉಜ್ಜಬೇಕು. ಬಿಡು ಅಂತ ಯಾರು ಹೇಳಿದ್ರು?"

ಮಗಳು ನನ್ನ ಕಡೆ ನೋಡಲಿಲ್ಲ. "ಯಾರೂ ಹೇಳಿಲ್ಲ" ಎಂದಳು.

ಆಗ ನೆನಪಾಯಿತು. ಕ್ಲಿಪ್ಪು ಹಾಕಿಸಿದ ಹೊಸದರಲ್ಲಿ ಅವಳು ಅಂಗಡಿಗೇ ಬಂದು ಬ್ರಷ್ಷಿಗೆ ಅಂಟಿದ ರಕ್ತ ತೋರಿಸಿದ್ದಳು. ನಾನು ಗಿರಾಕಿಯ ಕೆನ್ನೆಯಿಂದ ಕಣ್ಣೆತ್ತದೆ, "ರಕ್ತ ಬಂದ ಕಡೆ ಮತ್ತೆ ಕೈಯಾಡಿಸಬಾರದು, ತಾನೇ ಮಾಯುತ್ತೆ" ಎಂದಿದ್ದೆ. ಕತ್ತಿ ಹಿಡಿದ ಮೊದಲ ದಿನ ನಮ್ಮಪ್ಪ ನನಗೆ ಕಲಿಸಿದ ಪಾಠ ಅದು. ಗಡ್ಡದ ವಿಷಯದಲ್ಲಿ ಅದು ಈಗಲೂ ಸರಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ತಿಂಗಳಿಡೀ ಅವಳನ್ನು ಬೈದಿದ್ದೆ. ನಾಚಿಕೆಯಾಯಿತು.

"ನಾನೇ ಹೇಳಿದ್ದು ಡಾಕ್ಟ್ರೇ" ಎಂದೆ.

ಅವರು ಇಕ್ಕಳದಿಂದ ತಂತಿ ಎಳೆದು ತಟ್ಟೆಯಲ್ಲಿಟ್ಟರು. ಹಲ್ಲಿಗೆ ಅಂಟಿಸಿದ ಕ್ಲಿಪ್ಪು ಇರಲಿ, ಒಸಡು ಇಳಿದ ಮೇಲೆ ಬೇರೆ ತಂತಿ ಹಾಕೋಣ, ಎರಡು ತಿಂಗಳೋ ಮೂರೋ ಹೇಳೋಕಾಗಲ್ಲ ಎಂದರು. ಮಗಳು ತಟ್ಟೆಯನ್ನೇ ನೋಡುತ್ತ ತಲೆಯಾಡಿಸಿದಳು.

ಮೆಟ್ಟಿಲಿಳಿಯುವಾಗ ಕೇಳಿದೆ, "ಅಷ್ಟು ಬೈತಿದ್ನಲ್ಲ, ನೀನೇ ಹೇಳಿದ್ದಲ್ವಾ ಅಂತ ಒಂದು ಮಾತು ಅನ್ನಬಾರದಿತ್ತಾ?"

ಅವಳು ಎರಡು ಮೆಟ್ಟಿಲು ಇಳಿದ ಮೇಲೆ ಹೇಳಿದಳು.

"ನೀನು ಹೇಳಿದ್ದು ಸರಿ ಇರುತ್ತೆ, ನನಗೇ ಉಜ್ಜೋಕೆ ಬರಲ್ಲ ಅಂದ್ಕೊಂಡಿದ್ದೆ ಅಪ್ಪ."