ಉಪ್ಪು ಹೊರುತ್ತಿದ್ದ ಚೀಲ

ಬೋನಾಳದ ಭೀಮಮ್ಮ ಹಿಮಾಲಯದ ಆ ಹಳ್ಳಿಗೆ ಹೋದದ್ದು ಕುರಿಗಾರರ ಸಂಘದ ಪ್ರವಾಸದಲ್ಲಿ. ಎಂಟು ಜನ, ಎರಡು ದಿನ ರೈಲು, ಎರಡು ದಿನ ಜೀಪು, ಕೊನೆಗೆ ಅರ್ಧ ದಿನ ಏರುನಡಿಗೆ. ಒಂದು ಕಾಲಕ್ಕೆ ಆ ಊರಿನವರು ಕುರಿಗಳ ಬೆನ್ನ ಮೇಲೆ ಉಪ್ಪು ಹೇರಿಕೊಂಡು ಟಿಬೆಟ್‌ನಿಂದ ಕಣಿವೆ ಇಳಿಯುತ್ತಿದ್ದರಂತೆ. ಚೀನಾ ಯುದ್ಧವಾಗಿ ಗಡಿ ಮುಚ್ಚಿತು, ದಾರಿ ಹುಲ್ಲಿನ ಪಾಲಾಯಿತು.

ಒಬ್ಬ ಮುದುಕಿ ಎಲ್ಲರನ್ನೂ ಮನೆಯೊಳಗೆ ಕರೆದಳು. ಸುರಪುರದ ಸಂತೆಯಲ್ಲಿ ಬಳೆ ಮಾರುವ ದಾವಲಬೀಯ ಪಕ್ಕ ಕೂತು ಉಣ್ಣೆ ಮಾರಿ ಕಲಿತ ದಖನಿ ಉರ್ದು, ಮುದುಕಿಯ ಹಿಂದಿ ತಿಳಿಯಲು ಭೀಮಮ್ಮನಿಗೆ ಇಲ್ಲಿ ಕೆಲಸಕ್ಕೆ ಬಂತು. ಗೂಟಕ್ಕೆ ನೇತುಹಾಕಿದ್ದ ಪುಟ್ಟ ಉಣ್ಣೆಯ ಚೀಲವನ್ನು ತೋರಿಸಿ ಮುದುಕಿ ಹೇಳಿದಳು: ಕುರಿಯೊಂದಕ್ಕೆ ಇಂಥವು ಎರಡು, ಇದು ತನ್ನ ಮಾವ ಹೊಲಿದದ್ದು, ಉಳಿದಿರುವುದು ಇದೊಂದೇ. ಹೇಳಿ, ಚಹಾಕ್ಕೆ ನೀರು ತರಲು ಹೊರಗೆ ಹೋದಳು.

ಸಂಘದ ಅಧ್ಯಕ್ಷ ಭಗವಂತರಾಯ ಎದ್ದವನೇ ಚೀಲವನ್ನು ಇಳಿಸಿ ತನ್ನ ಬ್ಯಾಗಿಗೆ ತುರುಕಿದ.

"ಶಹಾಪುರದ ನಮ್ಮ ಮನಿ ಗ್ವಾಡಿಗಿ ಭಾಳ ಛಂದ ಕಾಣ್ತದ."

"ಆಕಿನ್ನ ಕೇಳೀರೇನ್ರಿ ರಾಯ್ರ?" ಎಂದಳು ಭೀಮಮ್ಮ.

"ಏನ್ ಕೇಳೂದು? ದಾರಿನೇ ಮುಚ್ಯಾದ. ಇನ್ನ ಚೀಲ ಇಟ್ಕೊಂಡು ಆಕಿ ಏನ್ ಮಾಡ್ತಾಳ?"

ಭೀಮಮ್ಮನ ಮೈಗೆ ಬೆಂಕಿ ಬಿದ್ದಂತಾಯಿತು. ಹಿಂದೆ ಅವಳ ಊರಲ್ಲಿ ಕಾಲುವೆ ಅಗೆದವರೂ ಹೀಗೇ ಅಂದಿದ್ದರು. ತಲೆಮಾರುಗಳಿಂದ ಕುರಿ ನಡೆದ ದಾರಿಯನ್ನು ನಡುವೆ ಕಡಿದು, "ನೀರು ಬಂತಲ್ಲವ್ವಾ, ಇನ್ನ ಕುರಿದಾರಿ ಯಾಕ ಬೇಕು?" ಎಂದು ನಕ್ಕಿದ್ದರು. ಆ ವರ್ಷ ಕಾಲುವೆ ದಾಟುವಾಗ ಹನ್ನೊಂದು ಮರಿ ಕೊಚ್ಚಿಹೋದವು. ಆಗ ಅವಳು ಹೊಸ ಸೊಸೆ. ಸೆರಗು ಕಚ್ಚಿಕೊಂಡು ನಿಂತಿದ್ದಳು.

"ಚೀಲಾ ಹೊರಗ ತಗೀರಿ."

"ಕುರಿ ಕಾಯೋರ್ನ ಇಲ್ಲಿತನಾ ಕರಕೊಂಡು ಬಂದಿದ್ದೇ ನನ್ನ ತಪ್ಪು. ನಾ ಇಲ್ದಿದ್ರ ನೀ ಯಾದಗಿರಿ ಟೇಸನ್ ಸುದಾ ನೋಡ್ತಿದ್ದಿಲ್ಲ."

"ಖರೇ ಅದರಿ. ಅದಕ್ಕಂತ ನಿಮ್ಮ ಕಳವಿಗಿ ಕಾವಲ ನಿಂದರಬೇಕೇನು?"

ಉಳಿದ ಆರು ಜನ ಸೂರಿನ ಜಂತಿ ನೋಡುತ್ತ ಕೂತಿದ್ದರು. ಭೀಮಮ್ಮ ಬ್ಯಾಗನ್ನು ಕಿತ್ತುಕೊಂಡು ಬೋರಲು ಮಾಡಿದಳು. ಉಪ್ಪಿನ ಚೀಲ, ಅದರ ಮೇಲೆ ಟವೆಲ್ಲು, ಹಲ್ಲುಜ್ಜುವ ಬ್ರಷ್ಷು ನೆಲಕ್ಕೆ ಬಿದ್ದವು. ಬಾಗಿಲಲ್ಲಿ ಕೊಡ ಹಿಡಿದು ಮುದುಕಿ ನಿಂತಿದ್ದಳು.

"ಗಲ್ತೀ ಹೋಗಯೀ, ಅಮ್ಮಾ," ಎಂದಳು ಭೀಮಮ್ಮ. ತಾನು ಮಾಡದ ತಪ್ಪಿಗೆ ಅವಳೇ ಕ್ಷಮೆ ಕೇಳಿದಳು.

ಮುದುಕಿ ಚೀಲವನ್ನು ಎತ್ತಿ ಧೂಳು ಝಾಡಿಸಿದಳು. ಗೂಟಕ್ಕೆ ಹಾಕದೆ ಮೂಲೆಯ ಟ್ರಂಕಿನಲ್ಲಿಟ್ಟು, ಎಲ್ಲರೆದುರೇ ಬೀಗ ಜಡಿದಳು. ಆಮೇಲೆ ಎಲ್ಲರಿಗೂ ಚಹಾ ಕೊಟ್ಟಳು, ಭಗವಂತರಾಯನಿಗೂ. ಆ ಬೀಗ ಭೀಮಮ್ಮನ ಎದೆಗೆ ಚುಚ್ಚಿತು.

ಗುಡ್ಡ ಇಳಿಯುವಾಗ, ಜಂತಿ ನೋಡುತ್ತ ಕೂತಿದ್ದವರಲ್ಲೊಬ್ಬನಾದ ಮರಿಲಿಂಗಪ್ಪ ಮೆಲ್ಲಗೆ ಹತ್ತಿರ ಬಂದ. "ಛಲೋ ಮಾಡಿದಿ ಬಿಡು, ಯಕ್ಕಾ."

"ಈಗ ಹೇಳ್ತೀಯೇನೋ? ಒಳಗಿದ್ದಾಗ ನಿನ್ನ ನಾಲಿಗಿ ಎಲ್ಲಿ ಹೋಗಿತ್ತು?"